ಅದೇ ತಾಮ್ರ, ಅದೇ ಇಲಿ: ಪುಡಿಯ ಗಾತ್ರ ಕಿಡ್ನಿಗೆ ಹೇಳಿದ ಕಥೆ

ದಾಂಡೇಲಿ, ಜೋಯಿಡಾ ಕಾಡಲ್ಲಿ ಓಡಾಡಿದವರಿಗೆ ಅಲ್ಲಿನ ಹಳೇ ಮ್ಯಾಂಗನೀಸ್ ಗಣಿಗಳು ಗೊತ್ತಿರುತ್ತವೆ. ಆ ಕಪ್ಪು ಅದಿರು ಲೋಹದ ಆಕ್ಸೈಡ್, ಅಂದ್ರೆ ಲೋಹಕ್ಕೆ ಆಮ್ಲಜನಕ ಸೇರಿ ಆದದ್ದು. ಹಳಿಯಾಳ, ಮುಂಡಗೋಡದ ಮನೆಗಳಿಗೆ ಹಚ್ಚೋ ಬಿಳಿ ಪೇಂಟಿನ ಟೈಟಾನಿಯಂ ಡೈಆಕ್ಸೈಡೂ ಅದೇ ಜಾತಿ. ಇಂಥ ಪುಡಿ ಮೈಯೊಳಗೆ ಹೋದ್ರೆ ಏನಾಗುತ್ತೆ?

ಮೊದಲ ಎಚ್ಚರಿಕೆ ಬಂದದ್ದು 1837ರಲ್ಲಿ. ಗ್ಲಾಸ್ಗೊದಲ್ಲಿ ಮ್ಯಾಂಗನೀಸ್ ಅದಿರು ಅರೆಯುತ್ತಿದ್ದ ಕೆಲಸಗಾರರ ಕಾಲು ಸೋತು, ಮಾತು ಕುಗ್ಗಿದ್ದನ್ನು ಕೂಪರ್ ಎಂಬ ವೈದ್ಯ ದಾಖಲಿಸಿದ. ಅಲ್ಲಿ ಪೆಟ್ಟು ಬಿದ್ದದ್ದು ನರಗಳಿಗೆ. ಪ್ರಯೋಗಾಲಯದ ಇಲಿಗಿಂತ ಮೊದಲು ಬೆಲೆ ತೆತ್ತವರು ಕೂಲಿಯವರು, ಇದನ್ನ ಮರೀಬಾರದು.

ಟೈಟಾನಿಯಂ ಡೈಆಕ್ಸೈಡ್ ಕಥೆ ಬೇರೆ. ವಿಷಕಾರಿ ಸೀಸದ ಬಿಳಿ ಬಣ್ಣದ ಜಾಗಕ್ಕೆ ಬಂದದ್ದೇ ಇದು. ಕರಗಲ್ಲ, ಯಾವುದರ ಜೊತೆಗೂ ಬೆರೆಯಲ್ಲ, ನಿರಪಾಯಕಾರಿ ಅಂತ ಹೆಸರು. ಪೇಂಟು, ಕಾಗದ, ಟೂತ್‌ಪೇಸ್ಟು, ಮಾತ್ರೆ ಎಲ್ಲಕ್ಕೂ ಸೇರಿತು. ಆಮೇಲೆ ಬಂತು ನ್ಯಾನೊ ಕಾಲ. 100 ನ್ಯಾನೊಮೀಟರಿಗಿಂತ ಸಣ್ಣ ಕಣಗಳು. ತಲೆಗೂದಲು ಅದಕ್ಕಿಂತ ನೂರಾರು ಪಟ್ಟು ದಪ್ಪ.

2006ರಲ್ಲಿ ಚೀನಾದ ವಿಜ್ಞಾನಿಗಳು ಇಲಿಗಳಿಗೆ ತಾಮ್ರದ ಪುಡಿ ತಿನ್ನಿಸಿದರು. ಅದು ಆಕ್ಸೈಡ್ ಅಲ್ಲ, ಬರೀ ಲೋಹ. ಆದ್ರೆ ಗಾತ್ರದ ಗುಟ್ಟು ಬಿಟ್ಟುಕೊಟ್ಟದ್ದು ಅದೇ. ಅರ್ಧದಷ್ಟು ಇಲಿ ಸಾಯೋಕೆ, ಮೈತೂಕದ ಪ್ರತಿ ಕೆ.ಜಿ.ಗೆ ನ್ಯಾನೊ ಪುಡಿ 413 ಮಿಲಿಗ್ರಾಂ ಸಾಕಾಯ್ತು. ದಪ್ಪ ಪುಡಿ 5000 ದಾಟಿದರೂ ಸಾಲಲಿಲ್ಲ. ಕಣ ಸಣ್ಣದಾದಷ್ಟೂ ಮೇಲ್ಮೈ ಹೆಚ್ಚು, ಹೊಟ್ಟೆಯ ಆಮ್ಲದಲ್ಲಿ ಬೇಗ ಕರಗುತ್ತೆ, ಕರಗಿದ ಲೋಹದ ಭಾರ ಕಿಡ್ನಿ ಮೇಲೆ. ಹೃದಯ ಪಂಪ್ ಮಾಡೋ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಹೋಗೋದೇ ಅಲ್ಲಿಗೆ.

ಮರುವರ್ಷ ಟೈಟಾನಿಯಂ ಡೈಆಕ್ಸೈಡಿನ ಸರದಿ. ಇದು ಕರಗಲ್ಲ, ಆದರೂ ಇಲಿಗಳ ಕಿಡ್ನಿಯಲ್ಲಿ ಉಳಿದುಕೊಂಡಿತ್ತು. ರಕ್ತ ಸೋಸೋ ಗ್ಲೋಮೆರುಲಸ್ ಊದಿಕೊಂಡಿತ್ತು. ಹಾಗಂತ ಗಾಬರಿ ಬೇಡ. ಕೊಟ್ಟದ್ದು ಕೆ.ಜಿ.ಗೆ 5 ಗ್ರಾಂ. 60 ಕೆ.ಜಿ. ಮನುಷ್ಯನಿಗೆ ಲೆಕ್ಕ ಹಾಕಿದ್ರೆ ಒಂದೇ ಸಲಕ್ಕೆ 300 ಗ್ರಾಂ! ಯಾರೂ ಅಷ್ಟು ತಿನ್ನಲ್ಲ. ಆದ್ರೆ ನಿರಪಾಯಕಾರಿ ಅನ್ನೋ ಹೆಸರಿಗೆ ಇದೂ ಒಂದು ಪ್ರಶ್ನೆಯಾಯ್ತು. 2022ರಲ್ಲಿ ಯುರೋಪಿಯನ್ ಒಕ್ಕೂಟ ಇದನ್ನ ಆಹಾರದಲ್ಲಿ ನಿಷೇಧಿಸಿತು. ಕಾರಣ ಕಿಡ್ನಿ ಅಲ್ಲ, ಡಿಎನ್‌ಎಗೆ ಹಾನಿ ಆಗಲ್ಲ ಅಂತ ಖಚಿತವಾಗಿ ಹೇಳಲಾಗದ್ದು. ಪೊಟ್ಟಣದ ಹಿಂದೆ ಐಎನ್‌ಎಸ್ 171 ಅಂತಿದ್ರೆ ಅದು ಇದೇ.

ಇನ್ನು ದೂಳಿನ ಮಾತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಮಿತಿ ಹಾಕಿತ್ತು, ಹೆಚ್ಚಾಗಿ ತೂಕದಲ್ಲಿ: ಒಂದು ಘನ ಮೀಟರ್ ಗಾಳಿಗೆ ಇಷ್ಟು ಮಿಲಿಗ್ರಾಂ ಅಂತ. ಮ್ಯಾಂಗನೀಸಿನ ವಿಷಯದಲ್ಲಿ ಮಾತ್ರ ಅದಿರಿನ ದೂಳಿಗೆ ಒಂದು ಮಿತಿ, ಕುಲುಮೆಯ ಹೊಗೆಯಲ್ಲಿರೋ ಸೂಕ್ಷ್ಮ ಕಣಕ್ಕೆ ಅದಕ್ಕಿಂತ ಬಿಗಿಯಾದ ಇನ್ನೊಂದು ಇತ್ತು.