ಕುದುರೆ ಬಯಲಿನಲ್ಲಿ ಒಂದು ರಾತ್ರಿ

ಬೈಕುಲ್ಲಾದಲ್ಲಿ ಸಂಸಾರ ಹೂಡಿರುವ ನಮ್ಮಂಥವರ ಮನೆಗೆ ಊರಿನಿಂದ ನೆಂಟರು ಬಂದರೆ ಮೊದಲು ಕೇಳುವುದು ರಾಣಿಬಾಗನ್ನು. ೧೮೬೨ರಲ್ಲಿ ತೆರೆದ ಆ ತೋಟ, ಅದರ ಮಗ್ಗುಲಲ್ಲೇ ೧೮೭೨ರಲ್ಲಿ ತೆರೆದ ವಸ್ತುಸಂಗ್ರಹಾಲಯ, ಮಕ್ಕಳಿದ್ದರೆ ಪೆಂಗ್ವಿನ್ ಹಕ್ಕಿಗಳು, ಇಷ್ಟನ್ನು ತೋರಿಸಿ ಬಂದರೆ ಆತಿಥ್ಯ ಮುಗಿಯಿತು. ಬೈಕುಲ್ಲಾದ ಕುದುರೆಗಳ ವಿಷಯವನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ತೋರಿಸಲು ಏನೂ ಉಳಿದಿಲ್ಲವೆನ್ನಿ. ಮುಂಬಯಿಯ ಕುದುರೆ ಪಂದ್ಯಗಳು ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಯುತ್ತಿದ್ದುದು ನಮ್ಮ ಈ ಬೈಕುಲ್ಲಾದಲ್ಲಿಯೇ. ೧೮೩೩ರಲ್ಲಿ ಬಿಳಿಯ ದೊರೆಗಳು ಇಲ್ಲಿ ಬೈಕುಲ್ಲಾ ಕ್ಲಬ್ ಎಂಬುದನ್ನು ತೆರೆದು, ಪಂದ್ಯದ ಬಯಲನ್ನು ತಮ್ಮ ಅಂಗಳದಂತೆ ಇಟ್ಟುಕೊಂಡಿದ್ದರು. ಇಂದು ಅಲ್ಲೆಲ್ಲ ಚಾಳುಗಳು, ಗ್ಯಾರೇಜುಗಳು, ಮೇಲುಸೇತುವೆಗಳು.

ಬಯಲು ಸಾಲದಾಯಿತೆಂದು ಪಂದ್ಯಗಳು ಮಹಾಲಕ್ಷ್ಮಿಯ ಜೌಗು ನೆಲಕ್ಕೆ ಹೋದವು. ಆಸ್ಟ್ರೇಲಿಯದ ಮೆಲ್ಬರ್ನಿನ ಕಾಲ್‌ಫೀಲ್ಡ್ ಪಂದ್ಯದ ಬಯಲನ್ನು ಮಾದರಿಯಾಗಿಟ್ಟುಕೊಂಡು ೧೮೮೩ರಲ್ಲಿ ಸಿದ್ಧವಾದ ಆ ಮೈದಾನವೇ ಇಂದಿನ ರೇಸ್‌ಕೋರ್ಸು. ನಮ್ಮ ಮನೆಯಿಂದ ಹೊರಟು ಸಾತ್ ರಸ್ತಾ ದಾಟಿ, ಮಹಾಲಕ್ಷ್ಮಿ ಸ್ಟೇಶನ್ನಿನ ಧೋಬಿಘಾಟನ್ನು ಹಾದರೆ ಮುಕ್ಕಾಲು ಗಂಟೆಯ ನಡಿಗೆ. ಕುದುರೆಗಳು ಹೋದ ಅದೇ ದಾರಿಯಲ್ಲಿ ೨೦೨೫ರ ಮೇ ೧೭ರ ಶನಿವಾರ ಸಂಜೆ ನಾವು ದಂಪತಿಗಳು ನಡೆದು ಹೋದೆವು. ಪಂದ್ಯ ಕಟ್ಟುವುದಕ್ಕಲ್ಲ, ಗನ್ಸ್ ಎನ್ ರೋಸಸ್ ಎಂಬ ಅಮೇರಿಕದ ರಾಕ್ ಮೇಳದ ಗಾಯನವನ್ನು ಕೇಳುವುದಕ್ಕೆ. ಸಂಘದ ಕಾರ್ಯದರ್ಶಿಗಳು ಸ್ಮರಣಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬೇಡಿದಾಗ ಬಿ.ಕಾಂ. ಓದಿದ ಬ್ಯಾಂಕ್ ಗುಮಾಸ್ತರಾದ ನಮಗೆ ಹೊಳೆದ ಇತಿಹಾಸ ಇಷ್ಟೇ. ಹಳೆಯ ಲೆಡ್ಜರಿನಂತೆ ಹಿಂದಿನ ಪುಟಗಳಿಂದ ಬಾಕಿಯನ್ನು ಎತ್ತಿಕೊಂಡು ಬರೆಯುತ್ತೇವೆ.

ಹಿರಿಯ ವಾಚಕರ ಸಲುವಾಗಿ ಮೇಳದ ಪರಿಚಯವನ್ನು ಮೊದಲು ಮಾಡಿಕೊಡಬೇಕು. ಭಾಗವತರ ಜಾಗದಲ್ಲಿ ಆಕ್ಸೆಲ್ ರೋಸ್ ಎಂಬಾತ. ಮದ್ದಳೆಯ ಜಾಗದಲ್ಲಿ, ತಲೆಯ ಮೇಲೆ ಉದ್ದನೆಯ ಕರಿಯ ಟೊಪ್ಪಿಗೆ ಇಟ್ಟು ಗಿಟಾರು ನುಡಿಸುವ ಸ್ಲ್ಯಾಶ್. ಚೆಂಡೆಗೆ ಬದಲು ಡ್ರಮ್ಮು. ೧೯೮೫ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಕೂಡಿಕೊಂಡ ಈ ಹುಡುಗರ ಮೊದಲ ಧ್ವನಿಮುದ್ರಿಕೆ ೧೯೮೭ರಲ್ಲಿ ಹೊರಬಂದು ಲೋಕವನ್ನೆಲ್ಲ ಸುತ್ತಿತು. ೧೯೯೧ರಲ್ಲಿ ಒಂದೇ ದಿನ ಎರಡು ಮುದ್ರಿಕೆಗಳನ್ನು ಹೊರಡಿಸಿದರು; ಒಂಬತ್ತು ನಿಮಿಷದಷ್ಟು ಉದ್ದದ 'ನವೆಂಬರ್ ರೇನ್' ಎಂಬ ಹಾಡು ಅವುಗಳಲ್ಲೊಂದರದು. ಅದೇ ವರ್ಷ ಸ್ಟಾರ್ ಟಿ.ವಿ. ನಮ್ಮ ದೇಶಕ್ಕೆ ಬಂದಿತು. ಛಾವಣಿಯ ತಟ್ಟೆಯ ಮೂಲಕ ಎಂ.ಟಿ.ವಿ. ಚಾಳುಗಳೊಳಕ್ಕೆ ಇಳಿಯಿತು. ೧೯೯೬ರಲ್ಲಿ ಸ್ಲ್ಯಾಶ್ ಮೇಳವನ್ನು ಬಿಟ್ಟ. ಭಾಗವತರಿಗೂ ಮದ್ದಳೆಯವರಿಗೂ ಮನಸ್ತಾಪವಾಗಿ ಮೇಳ ಒಡೆಯುವುದು ಕರಾವಳಿಯವರಿಗೆ ಹೊಸತಲ್ಲ. ಮತ್ತೆ ಕೂಡಿಕೊಳ್ಳಲು ಇವರಿಗೆ ೨೦ ವರ್ಷ ಹಿಡಿಯಿತು; ೨೦೧೬ರಲ್ಲಿ ಒಟ್ಟಾದರು.

ಇವರು ಭಾರತಕ್ಕೆ ಮೊದಲು ಬಂದದ್ದು ೨೦೧೨ರ ಡಿಸೆಂಬರಿನಲ್ಲಿ, ಮೇಳ ಒಡೆದಿದ್ದ ಕಾಲದಲ್ಲಿ. ೭ರಂದು ಬೆಂಗಳೂರು, ೯ರಂದು ಮುಂಬಯಿ. ಆಗ ನಮಗಿಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿದ್ದ ನಮ್ಮ ಮನೆಯವರಿಗೆ ಬೆಂಗಳೂರಿಗೆ ಹೋಗಲು ಅವರ ತಂದೆಯವರ ಅಪ್ಪಣೆ ಸಿಗಲಿಲ್ಲ. ಇತ್ತ ಹೊಸದಾಗಿ ನೌಕರಿಗೆ ಸೇರಿದ್ದ ನಮ್ಮ ಕಿಸೆಯಲ್ಲಿ ಟಿಕೇಟಿನ ಹಣವಿರಲಿಲ್ಲ. ಒಂದೇ ವಾರದಲ್ಲಿ ಎರಡು ಊರುಗಳಲ್ಲಿ ಇಬ್ಬರೂ ಒಂದೇ ಮೇಳವನ್ನು ತಪ್ಪಿಸಿಕೊಂಡೆವೆಂಬುದು ಮದುವೆಯಾದ ತರುವಾಯ ತಿಳಿದು, ಜಾತಕ ನೋಡಿದ ಭಟ್ಟರಿಗೆ ಕಾಣದ ಕೂಟ ಇದೊಂದು ಎಂದು ನಕ್ಕಿದ್ದೆವು. ಸ್ಲ್ಯಾಶ್ ಇಲ್ಲದ ಅರ್ಧ ಮೇಳವನ್ನಷ್ಟೇ ಕಳೆದುಕೊಂಡದ್ದೆಂಬ ಸಮಾಧಾನ ಬೇರೆ.

ಇರಲಿ, ಮುಂಬಯಿಯ ಮಾತಿಗೆ ಬರೋಣ. ಈ ಊರಿಗೆ ರಾಕ್ ಸಂಗೀತ ಬಂದದ್ದು ಇಂದು ನಿನ್ನೆಯಲ್ಲ. ಸಿಮ್ಲಾ ಸಿಗರೇಟಿನವರು ನಡೆಸಿದ ಬೀಟ್ ಸ್ಪರ್ಧೆಯ ಧ್ವನಿಮುದ್ರಿಕೆಗಳು ೧೯೭೦ ಮತ್ತು ೧೯೭೧ರಲ್ಲಿ ಹೊರಬಂದಿದ್ದುವು. ೧೯೭೨ರಲ್ಲಿ ಲೆಡ್ ಜೆಪ್ಲಿನ್ ಮೇಳದ ಪೇಜ್ ಮತ್ತು ಪ್ಲಾಂಟ್ ಇಲ್ಲಿಗೆ ಬಂದು ನಮ್ಮ ವಾದ್ಯಗಾರರೊಡನೆ ತಮ್ಮ ಹಾಡುಗಳನ್ನು ಮುದ್ರಿಸಿಕೊಂಡರು. ಕೊಲಾಬಾದ ಸ್ಲಿಪ್ ಡಿಸ್ಕ್ ಎಂಬ ನೃತ್ಯಗೃಹದಲ್ಲಿ ಬೆರಳೆಣಿಕೆಯ ಜನರ ಮುಂದೆ ನುಡಿಸಿದರು. ೧೯೮೦ರ ಮಾರ್ಚ್ ೨೬ರಂದು ದಿ ಪೊಲೀಸ್ ಎಂಬ ಆಂಗ್ಲ ಮೇಳ ಹೋಮಿ ಭಾಭಾ ಸಭಾಂಗಣದಲ್ಲಿ ಹಾಡಿತು. ಅದನ್ನು ಏರ್ಪಡಿಸಿದವರು ಟೈಮ್ ಅಂಡ್ ಟ್ಯಾಲೆಂಟ್ಸ್ ಕ್ಲಬ್ಬಿನ ಮಹಿಳೆಯರು. ಆದರೆ ಇವೆಲ್ಲ ದಕ್ಷಿಣ ತುದಿಯ ಸಿರಿವಂತರ ಸಮಾರಂಭಗಳು. ಸಾಮಾನ್ಯ ಕಾಲೇಜು ಹುಡುಗರಿಗೆ ರಾಕ್ ಸಂಗೀತದ ಮನೆಯಾಗಿದ್ದುದು ಧೋಬಿತಲಾವಿನ ಬಯಲು ರಂಗಮಂದಿರ, ರಂಗಭವನ. ೧೯೭೮ರಲ್ಲಿ ಅಲ್ಲಿ ಜಾಝ್ ಯಾತ್ರಾ ಮೊದಲಾಯಿತು. ೧೯೮೬ರಿಂದ ಸ್ವಾತಂತ್ರ್ಯೋತ್ಸವದ ಹೆಸರಿನಲ್ಲಿ ಇಂಡಿಪೆಂಡೆನ್ಸ್ ರಾಕ್. ಸುತ್ತಲೂ ಆಸ್ಪತ್ರೆ, ಕಾಲೇಜು, ಕೋರ್ಟು. ೨೦೦೦ದ ಶಬ್ದ ನಿಯಮಗಳು ಬಂದು, ಅಂಥ ಸ್ಥಳಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯವಾದ ಮೇಲೆ ರಂಗಭವನದ ಧ್ವನಿ ಅಡಗಿತು. ರೋಗಿಗಳ ನಿದ್ದೆ ಸಂಗೀತಕ್ಕಿಂತ ದೊಡ್ಡದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೂ ಕೆಲವೇ ರೂಪಾಯಿಗಳಿಗೆ ಹುಡುಗರಿಗೆ ದೊರೆಯುತ್ತಿದ್ದ ಅಂಥ ತಾಣ ಈ ಊರಿಗೆ ಮತ್ತೆ ಸಿಕ್ಕಲಿಲ್ಲ.

ಮೇಳಗಳು ದೊಡ್ಡವಾದಂತೆ ಬಯಲುಗಳು ಉತ್ತರಕ್ಕೆ ಸರಿದುವು. ಅಂಧೇರಿಯ ಕ್ರೀಡಾ ಸಂಕುಲದಲ್ಲಿ ಮೈಕಲ್ ಜ್ಯಾಕ್ಸನ್ ಕುಣಿದದ್ದು ೧೯೯೬ರ ನವೆಂಬರ್ ೧ರಂದು. ತಾರೀಕನ್ನು ವಾಚಕರು ಗಮನಿಸಬೇಕು: ಕರ್ನಾಟಕದ ಏಕೀಕರಣವಾಗಿ ಸರಿಯಾಗಿ ೪೦ ವರ್ಷ ತುಂಬಿದ ರಾಜ್ಯೋತ್ಸವದ ದಿನ! ೨೦೦೩ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಮೇಳ ೪ರಂದು ಬೆಂಗಳೂರಿನಲ್ಲಿಯೂ ೭ರಂದು ಇಲ್ಲಿಯ ಬ್ರೆಬೋರ್ನ್ ಸ್ಟೇಡಿಯಮ್ಮಿನಲ್ಲಿಯೂ ಹಾಡಿತು. ಈ ಬಾಬತ್ತಿನಲ್ಲಿ ಬೆಂಗಳೂರು ನಮಗಿಂತ ಮುಂದೆಯೇ ಇತ್ತೆಂದು ಒಪ್ಪಬೇಕು. ಐರನ್ ಮೇಡನ್ ೨೦೦೭ರ ಮಾರ್ಚ್ ೧೭ರಂದೂ, ಮೆಟಾಲಿಕಾ ೨೦೧೧ರ ಅಕ್ಟೋಬರ್ ೩೦ರಂದೂ ಅರಮನೆ ಮೈದಾನದಲ್ಲಿ ಗುಡುಗಿದುವು. ಇಲ್ಲಿ ಬಾಂದ್ರಾ-ಕುರ್ಲಾ ಸಂಕುಲದ ಮೈದಾನ ಕೆಲವು ವರ್ಷ ಆ ಸ್ಥಾನವನ್ನು ಪಡೆಯಿತು. ೨೦೧೬ರ ನವೆಂಬರ್ ೧೯ರಂದು ಅಲ್ಲಿ ಕೋಲ್ಡ್‌ಪ್ಲೇ ಹಾಡಿತು. ಆ ಶನಿವಾರವನ್ನು ಬ್ಯಾಂಕಿನವರು ಯಾರೂ ಮರೆಯಲಾರರು. ೫೦೦, ೧೦೦೦ದ ನೋಟುಗಳು ರದ್ದಾಗಿ ಹನ್ನೊಂದನೆಯ ದಿನ; ಹಿರಿಯ ನಾಗರಿಕರಿಗೆ ಮಾತ್ರ ನೋಟು ಬದಲಾವಣೆಯೆಂದು ಅಪ್ಪಣೆಯಾಗಿತ್ತು. ನಮ್ಮ ಕೌಂಟರಿನ ಮುಂದೆ ಎಪ್ಪತ್ತು, ಎಂಬತ್ತು ವರ್ಷದವರು ಕೋಲೂರಿ ಸಾಲುಗಟ್ಟಿದ್ದರು. ಯಾರು ಎಲ್ಲಿ ಹಾಡಿದರೆಂಬುದು ನಮಗೆ ಮರುದಿನದ ಪತ್ರಿಕೆಯಿಂದ ತಿಳಿಯಿತು.

ಆಮೇಲೆ ಖಾರಿ ದಾಟಿ ನವಿ ಮುಂಬಯಿ. ೨೦೧೯ರ ಡಿಸೆಂಬರ್ ೧೫ರಂದು ಯು-ಟೂ ಮೇಳವೂ, ೨೦೨೫ರ ಜನವರಿಯಲ್ಲಿ ಮೂರು ರಾತ್ರಿ ಕೋಲ್ಡ್‌ಪ್ಲೇಯೂ ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ ನುಡಿಸಿದುವು. ಈ ದಾರಿಯನ್ನು ನಕ್ಷೆಯ ಮೇಲೆ ಬೆರಳಿಟ್ಟು ನೋಡಿದರೆ ನಮ್ಮವರ ದಾರಿಯೇ ಎಂದು ತೋರುತ್ತದೆ. ಕೋಟೆ, ಗಿರ್ಗಾಂವ್, ಬೈಕುಲ್ಲಾದ ಹೋಟೆಲು ಮಾಳಿಗೆಗಳಲ್ಲಿ ಮಲಗುತ್ತಿದ್ದ ಕನ್ನಡಿಗರು ಮಾಟುಂಗಾ, ವಡಾಲಾ, ಆಮೇಲೆ ಅಂಧೇರಿ, ಡೊಂಬಿವಿಲಿ, ಕಡೆಗೆ ನೆರೂಳು ಎಂದು ಸರಿದರಲ್ಲವೆ? ನೆಲದ ಬೆಲೆ ಜನರನ್ನು ತಳ್ಳಿದ ದಿಕ್ಕಿಗೇ ಹಾಡನ್ನೂ ತಳ್ಳಿತು. ೨೦೨೩ರ ಜನವರಿಯಲ್ಲಿ ಲೊಲ್ಲಾಪಲೂಝಾ ಎಂಬ ಸಂಗೀತ ಜಾತ್ರೆ ಮಹಾಲಕ್ಷ್ಮಿಯ ಕುದುರೆ ಬಯಲಿಗೆ ಬಂದದ್ದರಿಂದ ಬಹುಕಾಲದ ಮೇಲೆ ಹಾಡು ನಮ್ಮ ಮನೆಯ ಕಡೆಗೆ ಮರಳಿದಂತಾಯಿತು.

ಟಿಕೇಟನ್ನು ಕೊಂಡದ್ದು ನಮ್ಮ ಮನೆಯವರು, ತಮ್ಮ ಟ್ಯೂಶನ್ನಿನ ಹಣದಲ್ಲಿ. ಬೆಲೆಯನ್ನು ಅತ್ತೆಯವರಿಗೆ, ಅಂದರೆ ನಮ್ಮ ತಾಯಿಯವರಿಗೆ, ಅರ್ಧವೆಂದು ಹೇಳಲಾಯಿತು. ಅರ್ಧಕ್ಕೇ ಅವರು ಹೌಹಾರಿದರು. ಅಷ್ಟರಲ್ಲಿ ಮೇ ೭ ಬಂದಿತು. ಗಡಿಯಲ್ಲಿ ಯುದ್ಧದ ಸದ್ದು, ೯ರಂದು ಐ.ಪಿ.ಎಲ್. ಪಂದ್ಯಗಳೇ ನಿಂತುವು. ಹತ್ತನೆಯ ತಾರೀಕು ಕದನವಿರಾಮವಾದರೂ ಗಾಯನ ನಡೆದೀತೆಂಬ ಭರವಸೆ ಇರಲಿಲ್ಲ. ಜನ ಸಾಯುತ್ತಿರುವಾಗ ಹಾಡು ಕೇಳುವ ಹಂಬಲವೇ ಎಂದು ನಮಗೂ ಒಳಗೊಳಗೇ ನಾಚಿಕೆ. "ನಡೆಯದಿದ್ದರೆ ದುಡ್ಡು ವಾಪಸು ಕೊಡುತ್ತಾರೆ ಬಿಡು" ಎಂದದ್ದಕ್ಕೆ ಮನೆಯವರು, "ದುಡ್ಡು ಬರ್ತದರೀ, ಹದಿಮೂರು ವರ್ಷ ಬರ್ತಾವೇನು?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ನಡೆಯುತ್ತದೆಂದು ಗೊತ್ತಾದ ಮೇಲೆ ಬ್ಯಾಂಕಿನ ತೊಡಕು. ೨೦೧೫ರ ಸೆಪ್ಟೆಂಬರಿನಿಂದ ನಮಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ೧೭ ಮೂರನೆಯ ಶನಿವಾರ! ಅಂದೇ ನಗದು ತಾಳೆಯಾಗದೆ ಇನ್ನೂರು ರೂಪಾಯಿಗಾಗಿ ಮುಕ್ಕಾಲು ಗಂಟೆ ಹುಡುಕಿ, ಕಡೆಗೆ ಅಂಟಿಕೊಂಡಿದ್ದ ಎರಡು ನೋಟುಗಳಲ್ಲಿ ಅದು ಸಿಕ್ಕಿತು. ಮನೆಗೆ ಓಡಿದಾಗ ಮನೆಯವರು ಕರಿಯ ಬನಿಯನ್ನು ತೊಟ್ಟು, ಮಲ್ಲಿಗೆ ಮುಡಿದು ಬಾಗಿಲಲ್ಲಿ ನಿಂತಿದ್ದರು. ಮಗುವನ್ನು ಬಿಟ್ಟುಹೋಗುವುದನ್ನು ಕಂಡು ತಾಯಿಯವರ ಮುಖ ಗಡಿಗೆಯಾಗಿತ್ತು. ಬಿಡಿಸಿದವರು ತಂದೆಯವರು.

ತಂದೆಯವರು ಹುಡುಗರಾಗಿದ್ದಾಗ ಕರಾವಳಿಯಿಂದ ಬಂದು, ಬೈಕುಲ್ಲಾದ ಹೋಟೆಲೊಂದರಲ್ಲಿ ಮಾಣಿಯಾಗಿದ್ದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ಊರಿನ ಯಕ್ಷಗಾನ ಮೇಳ ಮುಂಬಯಿಗೆ ಬಂದರೆ ರಾತ್ರಿಯಿಡೀ ಆಟ ನೋಡಿ, ಕೋಳಿ ಕೂಗುವಾಗ ಬಂದು, ನಿದ್ದೆಯಿಲ್ಲದೆ ಇಡ್ಲಿ ಹಿಟ್ಟಿನ ಮುಂದೆ ನಿಲ್ಲುತ್ತಿದ್ದರಂತೆ. "ನಾನು ಆಟಕ್ಕೆ ಹೋದಾಗ ಯಜಮಾನರು ಬೈದರು, ಹೋಗಬೇಡ ಎನ್ನಲಿಲ್ಲ. ನೀನೂ ಬೈದುಬಿಡು ಮಾರಾಯ್ತಿ, ಅವರು ಹೋಗಿಬರಲಿ" ಎಂದರು. ತಾಯಿಯವರು ಹಾಗೆಯೇ ಮಾಡಿದರು.

ಬಾಗಿಲ ಸಾಲಿನಲ್ಲಿ ನಮ್ಮ ಮುಂದೆ ಕನ್ನಡ ಮಾತನಾಡುವ ನಾಲ್ಕು ಹುಡುಗರು. ನಿಂತಿದ್ದ ಐ.ಪಿ.ಎಲ್. ಅದೇ ಸಂಜೆ ಬೆಂಗಳೂರಿನಲ್ಲಿ ಮರಳಿ ಆರಂಭವಾಗಬೇಕಿತ್ತು. ಅವರ ಕಣ್ಣೆಲ್ಲ ಮೊಬೈಲಿನ ಮೇಲೆ. ಚಿನ್ನಸ್ವಾಮಿಯಲ್ಲಿ ಮಳೆ! ಟಾಸು ಕೂಡ ಆಗದೆ ಪಂದ್ಯ ಕೊಚ್ಚಿಹೋಯಿತು. ಇಲ್ಲಿ ಸೆಕೆ ಮಾತ್ರ, ಬೆವರಿನಲ್ಲಿ ಮಲ್ಲಿಗೆ ಬಾಡಿತು.

ಗಾಯನದ ಮಾತನ್ನು ಹೆಚ್ಚು ಹೇಳಲಾರೆವು. ಹೇಳಿದರೆ ಕೇಳದವರಿಗೆ ತಿಳಿಯದು, ಕೇಳಿದವರಿಗೆ ಬೇಡ. ಆಕ್ಸೆಲ್‌ನ ಕಂಠ ಎಂ.ಟಿ.ವಿ.ಯ ಕಾಲದ್ದಲ್ಲ. ಮೇಲಿನ ಸ್ಥಾಯಿಗೆ ಹೋಗುವಾಗ ಅರವತ್ತು ದಾಟಿದ ಮನುಷ್ಯನ ಪ್ರಯಾಸ ಕಾಣುತ್ತಿತ್ತು. ವಯಸ್ಸಾದ ಭಾಗವತರು ಬೆಳಗಿನ ಜಾವ ಏರುಪದ ಎತ್ತುವಾಗ ಸಭೆ ಉಸಿರು ಹಿಡಿದು ಅವರನ್ನು ದಾಟಿಸುತ್ತದಲ್ಲ, ಹಾಗೆ ಇಲ್ಲಿಯೂ ಜನವೇ ಹಾಡಿ ದಾಟಿಸಿತು. ಆತ ಪಿಯಾನೋದ ಮುಂದೆ ಕುಳಿತು 'ನವೆಂಬರ್ ರೇನ್' ಎತ್ತಿದಾಗ ಮನೆಯವರು ಹಾಡಲಿಲ್ಲ, ಕುಣಿಯಲಿಲ್ಲ. ನಮ್ಮ ತೋಳನ್ನು ಹಿಡಿದು ಸುಮ್ಮನೆ ಅತ್ತರು. ಮದುವೆಯಾದ ಇಷ್ಟು ವರ್ಷಗಳಲ್ಲಿ, ತವರಿನ ಸಾವುಗಳ ಹೊರತು, ಅವರು ಅತ್ತದ್ದನ್ನು ನಾವು ಕಂಡಿರಲಿಲ್ಲ. ಧಾರವಾಡ ಬಿಟ್ಟು ಬಂದು, ಒಂದೂವರೆ ಕೋಣೆಯಲ್ಲಿ ಆರು ಜನರ ನಡುವೆ, ತನ್ನದೆಂಬ ಒಂದು ಹಾಡನ್ನು ಕಿವಿಗೆ ತಂತಿ ಸಿಕ್ಕಿಸಿಕೊಂಡು ಮಾತ್ರ ಕೇಳಿದ್ದ ಹೆಂಗಸು ಅದನ್ನು ಬಯಲಿನಲ್ಲಿ ಕೇಳಿದರೆ ಏನಾಗುತ್ತದೆಂದು ಟಿಕೇಟಿನ ಬೆಲೆ ಲೆಕ್ಕ ಹಾಕುತ್ತಿದ್ದ ನಮಗೆ ಹೊಳೆದಿರಲಿಲ್ಲ.

ಹೊರಬರುವಾಗ ಮಾತ್ರ ಹೆದರಿಕೆಯಾಯಿತು. ಇಲ್ಲಿಂದ ಎರಡೇ ಸ್ಟೇಶನ್ ಆಚೆ, ಎಲ್ಫಿನ್‌ಸ್ಟನ್ ರೋಡಿನ ಕಾಲುಸೇತುವೆಯಲ್ಲಿ ೨೦೧೭ರ ಸೆಪ್ಟೆಂಬರ್ ೨೯ರಂದು ೨೩ ಜನ ಕಾಲ್ತುಳಿತದಲ್ಲಿ ಸತ್ತದ್ದು ನೆನಪಿತ್ತು. ಮಹಾಲಕ್ಷ್ಮಿ ಸ್ಟೇಶನ್ನಿನ ಕಡೆಗೆ ಜನ ನುಗ್ಗುವುದನ್ನು ಕಂಡು ನಾವು ಬದಿಗೆ ಸರಿದು, ಸಂದಣಿ ಕರಗುವ ತನಕ ಗೋಡೆಗೆ ಒರಗಿ ನಿಂತೆವು. ಅಂದು ಎಲ್ಲರೂ ಕ್ಷೇಮವಾಗಿ ಮನೆ ಸೇರಿದರೆಂದೇ ನಂಬಿದ್ದೇವೆ. ಹದಿನೆಂಟು ದಿನಗಳ ಮೇಲೆ, ಜೂನ್ ೪ರಂದು, ನಮ್ಮ ಬೆಂಗಳೂರಿನಲ್ಲಿ, ಕಪ್ಪು ಗೆದ್ದ ಸಂಭ್ರಮಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಿಗೆ ಬಂದವರಲ್ಲಿ ೧೧ ಮಂದಿ ಮನೆಗೆ ಮರಳಲಿಲ್ಲ. ಸಾಲಿನಲ್ಲಿ ಕಂಡ ಆ ನಾಲ್ಕು ಹುಡುಗರನ್ನು ಅಂದು ಮನೆಯವರು ಎರಡು ಸಲ ನೆನೆದರು. ಅವರು ಮುಂಬಯಿಯವರೋ ಬೆಂಗಳೂರಿನವರೋ ನಾವು ಕೇಳಿರಲಿಲ್ಲ.

ಕುದುರೆ ಬಯಲೂ ಇನ್ನು ಹೀಗೆಯೇ ಇರುವುದಿಲ್ಲ. ೧೯೧೪ರಲ್ಲಿ ಟರ್ಫ್ ಕ್ಲಬ್ಬಿಗೆ ಕೊಟ್ಟ ೯೯ ವರ್ಷದ ಗೇಣಿ ೨೦೧೩ರಲ್ಲಿ ತೀರಿತು. ಬಹಳ ತಕರಾರಿನ ಮೇಲೆ, ೧೨೦ ಎಕರೆ ನಗರಪಾಲಿಕೆಯ ಉದ್ಯಾನಕ್ಕೆ, ೯೧ ಎಕರೆ ಕ್ಲಬ್ಬಿಗೆ ಎಂದು ೨೦೨೪ರಲ್ಲಿ ಪಾಲಾಯಿತು. ಉದ್ಯಾನವಾದರೆ ನಮ್ಮ ಮಗಳು ಬಿಟ್ಟಿಯಾಗಿ ಓಡಾಡಿಯಾಳು; ಹಾಡು ಎಲ್ಲಿಗೆ ಹೋದೀತೋ.

ಸಾತ್ ರಸ್ತಾದಲ್ಲಿ ಒಂದೊಂದು ಕಟಿಂಗ್ ಚಹಾ ಕುಡಿದು ಬೈಕುಲ್ಲಾ ಸೇರಿದೆವು. ಮನೆಯಲ್ಲಿ ಎಲ್ಲರೂ ಮಲಗಿದ್ದರು. ತಂದೆಯವರೊಬ್ಬರು ಮೆಟ್ಟಲಿನ ಮೇಲೆ ಕುಳಿತಿದ್ದರು.

"ಮಂಗಳ ಹಾಡಿದರೋ, ನಡುವೆ ಎದ್ದು ಬಂದಿರೋ?" ಎಂದು ಕೇಳಿದರು.

"ಹಾಡಿದರು ಮಾವ," ಎಂದರು ಮನೆಯವರು, ಒಡೆದ ಗಂಟಲಿನಲ್ಲಿ. "ಮುಗಿಯೂ ತನಕ ಇದ್ದೆವು."

ತಂದೆಯವರು ಎದ್ದು ಬಾಗಿಲು ತೆರೆದರು.