ಪೆನ್ಶನ್‌ದಾರರ ಬೆಳಗಾವಿ, ಅನಗೋಳದ ಗದ್ದೆ

ನೌಕರಿ ಮುಗಿಸಿದವರು ಬೆಳಗಾವಿಯಲ್ಲಿ ಮನೆ ಹುಡುಕುವ ರೂಢಿಗೆ ಮೊದಲ ಅಡಿಪಾಯ ಹಾಕಿದ್ದು ದಂಡು. 1818ರ ಏಪ್ರಿಲ್‌ನಲ್ಲಿ ಥಾಮಸ್ ಮನ್ರೋನ ಸೈನ್ಯ ಪೇಶ್ವೆಗಳ ಕೈಯಿಂದ ಕೋಟೆಯನ್ನು ಕಿತ್ತುಕೊಂಡಿತು. ಮುಂದೆ ಕೋಟೆಯ ಪಕ್ಕದಲ್ಲೇ ಬ್ರಿಟಿಷರ ದಂಡುಪ್ರದೇಶ ಬೆಳೆಯಿತು. ಬೆಳಗಾವಿಯವರು ಇವತ್ತಿಗೂ ಅದನ್ನು 'ಕ್ಯಾಂಪ್' ಎಂದೇ ಕರೆಯುತ್ತಾರೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಬೆನ್ನಿಗೆ ಸಹ್ಯಾದ್ರಿ, ಏಪ್ರಿಲ್‌ನಲ್ಲೂ ಸಂಜೆಯಾದರೆ ಪಡುವಣದ ತಂಗಾಳಿ. ಗೋರಾ ಅಧಿಕಾರಿಗಳಿಗೆ ಹಿಡಿಸಿದ ಹವೆ ನಮ್ಮವರಿಗೂ ಹಿಡಿಸಿತು. 'ಬಡವರ ಮಹಾಬಳೇಶ್ವರ' ಎಂಬ ಹೆಸರು ಊರಿಗೆ ಅಂಟಿಕೊಂಡಿತು.

1922ರಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ತರಬೇತಿ ಕೇಂದ್ರ ಇಲ್ಲಿ ನೆಲೆ ನಿಂತಿತು. ಹದಿಹರೆಯದಲ್ಲಿ ಇಲ್ಲೇ ಬೂಟು ಕಟ್ಟಿ ಕವಾಯತು ಕಲಿತ ಹುಡುಗ ದೇಶದ ಗಡಿಗಳನ್ನೆಲ್ಲ ಸುತ್ತಿ, ಪೆನ್ಶನ್ ಪುಸ್ತಕ ಹಿಡಿದು ಬರುವಾಗ ಅವನಿಗೆ ಗುರುತಿದ್ದ ಪಟ್ಟಣ ಇದೊಂದೇ. ಮಿಲಿಟರಿ ಕ್ಯಾಂಟೀನು, ಮಿಲಿಟರಿ ಆಸ್ಪತ್ರೆ, ಜೊತೆಗೆ ಕೂತು ಮಾತಾಡುವ ಹಳೆಯ ಪಲ್ಟನ್ನಿನ ಗೆಳೆಯರು, ಎಲ್ಲ ಇಲ್ಲೇ ಇದ್ದವು. ಊರಿನ ಹೊಲ ಅಣ್ಣತಮ್ಮಂದಿರ ಪಾಲಾಗಿದ್ದರೆ ಅವನು ಬೆಳಗಾವಿಯ ಸುತ್ತಲೇ ಒಂದು ತುಂಡು ಜಾಗ ಹಿಡಿಯುತ್ತಿದ್ದ.

ಸರಕಾರಿ ನೌಕರರು ಬಂದ ದಾರಿ ಬೇರೆ. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಜಿಲ್ಲೆಯಾದಾಗ ಕಚೇರಿಗಳು ಬಂದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು ಪುಣೆ ಹತ್ತಿರವಾಯಿತು. 1956ರ ತನಕ ಈ ಊರು ಮುಂಬಯಿ ಆಡಳಿತದಲ್ಲೇ ಇದ್ದುದರಿಂದ ಮಾಮಲೇದಾರ, ಮಾಸ್ತರ, ಪೋಸ್ಟ್‌ಮಾಸ್ತರರಿಗೆ ಇದು ವರ್ಗಾವಣೆಯ ದಾರಿಯಲ್ಲಿ ಸಿಗುವ ಊರಾಗಿತ್ತು. ಒಮ್ಮೆ ಇಲ್ಲಿ ಕೆಲಸ ಮಾಡಿದವರು ಮತ್ತೆ ಇಲ್ಲಿಗೇ ಬರಲು ಮನಸ್ಸು ಮಾಡಿದರು. ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಓಣಿಯಲ್ಲೇ ಕಿವಿಗೆ ಬೀಳುವ ಊರಿನಲ್ಲಿ ಹೊರಗಿನವನೆಂಬ ಅಳುಕು ಕಡಿಮೆ. ಕರ್ನಾಟಕ–ಮಹಾರಾಷ್ಟ್ರ ಗಡಿ ಜಗಳದ ದಶಕಗಳಲ್ಲಿ ಬೀದಿ ಎಷ್ಟು ಕಾದರೂ ಪಕ್ಕದ ಮನೆಯ ಬಾಗಿಲು ಮುಚ್ಚಲಿಲ್ಲ. ಇದನ್ನು ಬೆಳಗಾವಿಯ ದೊಡ್ಡ ಗುಣವೆಂದೇ ಹೇಳಬೇಕು.

ಮುಪ್ಪಿನಲ್ಲಿ ಹವೆಗಿಂತ ಡಾಕ್ಟರು ಮುಖ್ಯ. 1916ರಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆಎಲ್‌ಇ ಸಂಸ್ಥೆ 1963ರಲ್ಲಿ ವೈದ್ಯಕೀಯ ಕಾಲೇಜು ತೆರೆದ ಮೇಲೆ, ಎದೆನೋವು ಬಂದರೆ ಮಿರಜಕ್ಕೋ ಪುಣೆಗೋ ಓಡುವ ಕಾಲ ಮೆಲ್ಲಗೆ ಹಿಂದೆ ಸರಿಯಿತು. ನಿವೃತ್ತರ ಊರಾಗಿ ಬೆಳಗಾವಿ ಗಟ್ಟಿಯಾದದ್ದಕ್ಕೆ ಈ ಒಂದು ಸಂಗತಿಯ ಪಾಲು ದೊಡ್ಡದು.

ನಿವೃತ್ತರಿಂದ ಮೊದಲು ತುಂಬಿದ ಬಡಾವಣೆ ಟಿಳಕವಾಡಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಅಲ್ಲೇ. ಆಗ ತೋಡಿಸಿದ ಬಾವಿ ಇಂದಿಗೂ ಇದೆ. ಟಿಳಕವಾಡಿಯಲ್ಲಿ ಜಾಗ ತುಟ್ಟಿಯಾದಾಗ ಮನೆ ಕಟ್ಟುವವರು ಹಿಂದವಾಡಿ, ಭಾಗ್ಯನಗರ ದಾಟಿ ಅನಗೋಳಕ್ಕೆ ಬಂದರು.

ಅನಗೋಳ ಆಗ ಅಪ್ಪಟ ರೈತರ ಹಳ್ಳಿ. ಒತ್ತೊತ್ತಾದ ಓಣಿ, ಹಂಚಿನ ಮನೆ, ಊರಾಚೆ ವಡಗಾವಿ, ಯಳ್ಳೂರಿನ ತನಕ ಹಬ್ಬಿದ ಕಪ್ಪು ಎರೆಮಣ್ಣು. ಈ ಪಟ್ಟಿಯಲ್ಲಿ ಬೆಳೆಯುವುದು ಹೆಸರುವಾಸಿ ಬೆಳಗಾವಿ ಬಾಸಮತಿ. ಮಳೆಗಾಲದ ಭತ್ತ ಕೊಯ್ದ ಮೇಲೆ ರೈತರು ನೆಲದಲ್ಲಿ ಉಳಿದ ಹಸಿಯನ್ನೇ ನಂಬಿ ಮಸೂರ, ಕಡಲೆ ಬಿತ್ತುತ್ತಾರೆ. ನೀರು ಹಾಯಿಸದೆ ಎರಡನೆಯ ಬೆಳೆ ಕೊಡುವ ಇಂಥ ನೆಲ ಎಲ್ಲೆಡೆ ಸಿಗುವುದಿಲ್ಲ. ಒಂದು ಬದಿಯಲ್ಲಿ ಉದ್ಯಮಬಾಗದ ಕಾರ್ಖಾನೆಗಳು, ಇನ್ನೊಂದು ಬದಿಯಲ್ಲಿ ಲೇಔಟುಗಳು ಬಂದು ಈ ಗದ್ದೆ ವರ್ಷವರ್ಷವೂ ಕಿರಿದಾಗುತ್ತಿದೆ. ಹಲಗಾ–ಮಚ್ಛೆ ಬೈಪಾಸ್ ರಸ್ತೆಗೆ ಭೂಮಿ ಕೊಡುವುದಿಲ್ಲವೆಂದು ರೈತರು ವರ್ಷಗಟ್ಟಲೆ ಹೋರಾಡಿದ್ದೂ ಈ ಮಣ್ಣಿಗಾಗಿಯೇ. ಅವರ ಹಟದಲ್ಲಿ ನ್ಯಾಯವಿದೆ. ನಿವೃತ್ತರನ್ನು ಇಲ್ಲಿಗೆ ಸೆಳೆದ ತಂಪು, ಬಾವಿಯ ನೀರು, ಬಯಲು ಗಾಳಿ ಎಲ್ಲದರಲ್ಲೂ ಆ ಗದ್ದೆಗಳ ಪಾಲಿದೆ.

ಗದ್ದೆಯ ನಡುವೆ ಹರಿಯುವ ಬಳ್ಳಾರಿ ನಾಲಾ ಮಳೆಗಾಲದಲ್ಲಿ ಉಕ್ಕುತ್ತದೆ, ಭತ್ತವನ್ನು ದಿನಗಟ್ಟಲೆ ಮುಳುಗಿಸುತ್ತದೆ. ನೀರು ಇಂಗುವ ಜಾಗದಲ್ಲಿ ಕಾಂಕ್ರೀಟು ಬಿದ್ದರೆ ಆ ನೀರು ಮನೆಗಳತ್ತ ತಿರುಗುವುದು ಸಹಜ. 2019ರ ಆಗಸ್ಟ್ ಮಳೆ ನಗರದ ತಗ್ಗು ಬಡಾವಣೆಗಳಿಗೆ ಅದನ್ನು ಕಲಿಸಿತು.

ಕುಡಿಯುವ ನೀರಿನ ಕಥೆ ಅರ್ಧಕ್ಕೆ ನಿಂತದ್ದು. ರಾಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು ಊರನ್ನು ಸಾಕುತ್ತದೆ. 2008ರಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನಲ್ಲಿ ನೀರು ಬಂದಾಗ ದೇಶವೇ ತಿರುಗಿ ನೋಡಿತು. ಉಳಿದ ವಾರ್ಡುಗಳು ಮಾತ್ರ ನೀರು ಬರುವ ದಿನಕ್ಕೆ ಕಾಯುತ್ತಲೇ ಉಳಿದವು. ಎಪ್ಪತ್ತರ ಅಜ್ಜ ನಸುಕಿನಲ್ಲೆದ್ದು ಕೊಡ ತುಂಬಿಸುವುದು ವಿಶ್ರಾಂತ ಬದುಕಲ್ಲ.

ಇನ್ನೂ ಹಸಿರು, ಇನ್ನೂ ಅಗ್ಗದ ಜಾಗ ಬೇಕೆಂದವರು ಖಾನಾಪುರದ ಕಡೆ ನೋಡುತ್ತಾರೆ. ಮಲಪ್ರಭೆಯ ದಂಡೆ, ಕಾಡಿನ ನೆರಳು ಚೆಂದ. ಆದರೆ ಜಾಂಬೋಟಿ, ಕಣಕುಂಬಿಯತ್ತ ಹೋದಷ್ಟೂ ಮಳೆ ಬೆಳಗಾವಿಯ ಹಲವು ಪಟ್ಟು. ರಾತ್ರಿ ದಮ್ಮು ಹತ್ತಿದರೆ ದೊಡ್ಡ ಆಸ್ಪತ್ರೆಗೆ ಬೆಳಗಾವಿಗೇ ಬರಬೇಕು. ಮಂಡಿನೋವು, ಉಬ್ಬಸ ಇದ್ದವರು ಅನಗೋಳದ ಆಚೆ ಹೋಗದಿರುವುದೇ ಒಳಿತು.

ಬೆಳಗಾವಿ ಇನ್ನೂ ನಿವೃತ್ತರಿಗೆ ಒಗ್ಗುವ ಊರೇ. ಪುಣೆ, ಬೆಂಗಳೂರು ಎರಡಕ್ಕೂ ಈಗ ವಂದೇ ಭಾರತ್ ರೈಲಿದೆ, ಮಕ್ಕಳು ಬಂದುಹೋಗುವುದು ಹಗುರಾಗಿದೆ. ಇಲ್ಲಿ ಮನೆ ಕೊಳ್ಳುವವರು ಡಿಸೆಂಬರಿನ ಬಿಸಿಲಲ್ಲಿ ಬಂದು ಮುಂಗಡ ಕೊಡಬೇಡಿ. ಜುಲೈನಲ್ಲಿ ಬಂದು ನಾಲಾ ಎಲ್ಲಿಯವರೆಗೆ ಏರುತ್ತದೆಂದು ನೋಡಿ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಿ. ಪ್ಲಾಟು ಬಿದ್ದಿರುವುದು ಭತ್ತದ ಗದ್ದೆಯ ಮೇಲಾದರೆ ಬೇರೆ ಜಾಗ ಹುಡುಕಿ.