ಕಂದಾಚಾರದ ಕೋವಿ

ಹೆಡತಲೆಯ ಲಕ್ಷ್ಮೀಕಾಂತ ದೇವಾಲಯವನ್ನು ಕಂಡವರು ಅಲ್ಲಿಯ ಹದಿನಾರು ಮುಖದ ಚಾವಡಿಯನ್ನು ಮರೆಯಲಾರರು. ಹೊಯ್ಸಳರ ಕಾಲದ ಆ ಗುಡಿಯ ನೆರಳಿನಲ್ಲಿಯೇ ನನ್ನ ಬಾಲ್ಯ ಕಳೆಯಿತು. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಗುಡಿಯ ಮಾತನ್ನಲ್ಲ. ನಮ್ಮ ಮನೆಯ ಅಟ್ಟದ ತೊಲೆಗೆ ತೂಗುಹಾಕಿದ್ದ ಒಂದು ಹಳೆಯ ಕೋವಿಯ ಮಾತನ್ನು. ಅದನ್ನು ತೋರಿಸಿ ನಮ್ಮ ಅಜ್ಜ, "ನಮ್ಮ ಹಿರೀಕರು ಕಂದಾಚಾರದೋರು ಕಣ್ ಮಗ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನನಗೋ ದಿಗ್ಭ್ರಮೆ. ಶಾಲೆಯಲ್ಲಿ ಮೇಷ್ಟ್ರು 'ಕಂದಾಚಾರ'ವೆಂದರೆ ಅರ್ಥವಿಲ್ಲದ ಕುರುಡು ಆಚಾರ, ಅದನ್ನು ಬಿಡಬೇಕು ಎಂದು ಕಲಿಸಿದ್ದರು. ಬಿಡಬೇಕಾದದ್ದರ ವಿಷಯದಲ್ಲಿ ಅಜ್ಜನಿಗೆ ಇಷ್ಟೊಂದು ಅಭಿಮಾನವೇಕೆ?

ಉತ್ತರ ದೊರೆತದ್ದು ಬಹಳ ಕಾಲದ ಮೇಲೆ, ಮೈಸೂರಿನ ಚರಿತ್ರೆಯನ್ನು ಓದತೊಡಗಿದಾಗ. ಹಳೆಯ ಮೈಸೂರು ಸಂಸ್ಥಾನದಲ್ಲಿ ಕಂದಾಚಾರವೆಂದರೆ ಊರೂರಿನ ಕಾಲಾಳುಪಡೆ. ಚಿಕ್ಕದೇವರಾಜ ಒಡೆಯರು (1673-1704) ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿ ಅಠಾರ ಕಛೇರಿಯನ್ನು ಏರ್ಪಡಿಸಿದಾಗ ಕಂದಾಚಾರಕ್ಕೂ ಅದರಲ್ಲಿ ಒಂದು ಸ್ಥಾನವಿತ್ತು. ಕಂದಾಚಾರದವನು ಪೂರ್ಣಾವಧಿಯ ಸಿಪಾಯಿಯಲ್ಲ. ಮಳೆ ಬಿದ್ದರೆ ನೇಗಿಲು ಹಿಡಿಯುವವನು. ಕರೆ ಬಂದರೆ ಆಯುಧ ಹಿಡಿಯುವವನು. ಅವನ ಸಂಬಳದಲ್ಲಿ ಒಂದು ಪಾಲು ನಗದು, ಒಂದು ಪಾಲು ಭೂಮಿ. ಕೆಲವರ ಕೈಯಲ್ಲಿ ಬತ್ತಿಯ ತುಪಾಕಿ, ಕೆಲವರ ಕೈಯಲ್ಲಿ ಕತ್ತಿ, ಈಟಿ. ತಂದೆಯಿಂದ ಮಗನಿಗೆ ಭೂಮಿ ಬರುವಂತೆ ಈ ಊಳಿಗವೂ ಬರುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇವನು ಬಿಡುವಿನ ವೇಳೆಯ ಸೈನಿಕ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಭೂಮಿ ತಂದೆಯಿಂದ ಬರಬಹುದು, ತುಪಾಕಿಯೂ ಬರಬಹುದು. ತುಪಾಕಿಯ ವಿದ್ಯೆ ಹಾಗೆ ಬರುತ್ತದೆಯೆ? ಅದನ್ನು ಕಲಿಸುವವರು ಯಾರು, ಕಲಿತಿದ್ದಾನೆಂದು ನೋಡುವವರು ಯಾರು?

ಬತ್ತಿಯ ತುಪಾಕಿ ಸಾಧು ಪ್ರಾಣಿಯಲ್ಲ. ಅಳತೆಯ ಮದ್ದನ್ನು ಬಾಯಿಂದ ಸುರಿಯಬೇಕು. ಗುಂಡನ್ನಿಟ್ಟು ಗಜದಿಂದ ಗಿಡಿಯಬೇಕು. ಕಿವಿಯ ಬಳಿಯ ಬಟ್ಟಲಿಗೆ ಚಿಟಿಕೆ ಮದ್ದನ್ನು ಹಾಕಬೇಕು. ಉರಿಯುವ ಬತ್ತಿಯನ್ನು ಅದಕ್ಕೆ ತಾಗಿಸಬೇಕು. ಇಷ್ಟನ್ನೂ ಮಾಡುವಾಗ ಒಂದು ಕೈಯಲ್ಲಿ ಕೆಂಡ, ಇನ್ನೊಂದು ಕೈಯಲ್ಲಿ ಮದ್ದು. ಮದ್ದು ಹೆಚ್ಚಾದರೆ ನಳಿಗೆ ಸಿಡಿದೀತು. ಕಡಿಮೆಯಾದರೆ ಗುಂಡು ಗುರಿಗೆ ಮುಂಚೆಯೇ ಉದುರೀತು. ಮಳೆಯಲ್ಲಿ ನೆನೆದರೆ ತುಪಾಕಿ ಬರಿಯ ದೊಣ್ಣೆ. ನಮ್ಮ ಭಾಷೆಯಲ್ಲಿ ರೋಗಿಯ ಔಷಧಿಗೂ ಕೋವಿಯ ಪುಡಿಗೂ ಮದ್ದೆಂಬ ಒಂದೇ ಹೆಸರು. ಎರಡರಲ್ಲಿಯೂ ಅಳತೆ ತಪ್ಪಿದರೆ ಅಪಾಯವೇ. ಈ ಅಳತೆ ಕೈಗೆ ಹತ್ತಬೇಕಾದರೆ ಕೈ ಪದೇ ಪದೇ ಅದನ್ನು ಮಾಡುತ್ತಿರಬೇಕು. ವರ್ಷದಲ್ಲಿ ಹೆಚ್ಚು ಕಾಲ ಮೇಳಿ ಹಿಡಿದ ಕೈಗೆ ಇದು ಸುಲಭದ ಮಾತಲ್ಲ.

ಆಳುವವರಿಗೆ ಇದರ ಅರಿವಿರಲಿಲ್ಲವೆಂದಲ್ಲ. ಟಿಪ್ಪು ಸುಲ್ತಾನನು ತನ್ನ ಖಾಯಂ ಸೈನ್ಯಕ್ಕಾಗಿ ಜೈನುಲ್ ಆಬಿದೀನ್ ಶುಸ್ತರಿ ಎಂಬಾತನಿಂದ 'ಫತ್ಹುಲ್ ಮುಜಾಹಿದೀನ್' ಎಂಬ ಕೈಪಿಡಿಯನ್ನೇ ಬರೆಯಿಸಿದನು. ಬಂದೂಕನ್ನು ಹಿಡಿಯುವ, ತುಂಬುವ, ಹಾರಿಸುವ ಕ್ರಮಗಳು, ಕವಾಯತಿನ ಆಜ್ಞೆಗಳು ಅದರಲ್ಲಿವೆ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ ಬಂದೂಕು, ಪಿಸ್ತೂಲುಗಳು ಇಂದಿಗೂ ದೇಶವಿದೇಶಗಳ ಸಂಗ್ರಹಾಲಯಗಳಲ್ಲಿ ನೋಡುವವರ ಕಣ್ಣನ್ನು ಸೆಳೆಯುತ್ತವೆ. ಪಿಸ್ತೂಲಂತೂ ಉದ್ದನೆಯ ಬಂದೂಕಿಗಿಂತ ಹೆಚ್ಚಿನ ಅಭ್ಯಾಸವನ್ನು ಬೇಡುವ ಆಯುಧ. ನಳಿಗೆ ಗಿಡ್ಡ, ಮಣಿಕಟ್ಟು ಕೂದಲೆಳೆಯಷ್ಟು ತಿರುಗಿದರೆ ಗುರಿ ಮಾರುದೂರ ತಪ್ಪುತ್ತದೆ, ಹಿಡಿದವನ ಕಾಲಿಗೂ ಪಕ್ಕದವನ ಎದೆಗೂ ಅಷ್ಟೇ ಸುಲಭವಾಗಿ ಅದರ ಮುಖ ತಿರುಗೀತು. ಆದರೆ ಆ ಕೈಪಿಡಿಯ ಭಾಷೆ ಪಾರಸಿ, ಅದರ ಉದ್ದೇಶ ದಂಡಿನ ಸಿಪಾಯಿ. ಹೊಲದಲ್ಲಿದ್ದ ಕಂದಾಚಾರದವನಿಗೆ ಕೈಪಿಡಿಯಾಗಿದ್ದದ್ದು ಅವನ ಅಪ್ಪ, ಕವಾಯತಿನ ಬಯಲಾಗಿದ್ದದ್ದು ಊರಾಚೆಯ ಕಾಡು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮರಳಿ ಒಡೆಯರ ರಾಜ್ಯ ಸ್ಥಾಪನೆಯಾದಾಗ ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಯ ಮೇಲೆ ರಕ್ಷಣೆಯ ಹೊಣೆ ಇಂಗ್ಲಿಷ್ ಕಂಪನಿಯ ಪಾಲಾಯಿತು. ದಿವಾನ್ ಪೂರ್ಣಯ್ಯನವರು ಕಂದಾಚಾರವನ್ನು ಕೈಬಿಡಲಿಲ್ಲ. ಅವರ ಕಾಲದಲ್ಲಿ ಸುಮಾರು 20,000 ಮಂದಿ ಕಂದಾಚಾರದವರಿದ್ದರೆಂದು ಅಂದಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸನ ವರದಿಯಿಂದ ತಿಳಿಯುತ್ತದೆ. ಇದರಲ್ಲಿ ಪೂರ್ಣಯ್ಯನವರ ಜಾಣ್ಮೆಯೂ ಇತ್ತು: ಆಯುಧ ಹಿಡಿದು ಬದುಕಿದ್ದ ಜನರನ್ನು ಅನ್ನವಿಲ್ಲದೆ ಬೀದಿಗೆ ಬಿಟ್ಟರೆ ಅವರು ದರೋಡೆಗಿಳಿಯುವುದು ನಿಶ್ಚಯ. ಆದರೆ ಯುದ್ಧವೇ ಇಲ್ಲದ ಮೇಲೆ ಕಂದಾಚಾರದವನ ಕೆಲಸ ಬದಲಾಯಿತು. ಖಜಾನೆಯ ಕಾವಲು, ಕಂದಾಯದ ಹಣದ ಬೆಂಗಾವಲು, ಅಮಲ್ದಾರರ ಅಪ್ಪಣೆಗಳನ್ನು ಹೊತ್ತು ತಿರುಗುವುದು, ಇವೇ ಅವನ ಊಳಿಗವಾದವು. 1831ರಲ್ಲಿ ಬ್ರಿಟಿಷ್ ಕಮಿಷನರರ ಆಡಳಿತ ಬಂದ ಮೇಲೆಯೂ ಇದು ನಡೆದು, ಹೊಸ ಮಾದರಿಯ ಪೊಲೀಸು ಬಂದಂತೆ ಕಂದಾಚಾರ ಮೆಲ್ಲಮೆಲ್ಲನೆ ಕರಗಿತು. ಹೆಗಲ ಮೇಲೆ ತುಪಾಕಿ ಉಳಿದಿತ್ತು, ಕೈಯ ಪಳಗಿಕೆ ಅಳಿದಿತ್ತು.

ಇದಕ್ಕೆ ಪ್ರತಿಯಾಗಿ ನೆರೆಯ ಕೊಡಗನ್ನು ನೋಡೋಣ. ಅಲ್ಲಿಯೂ ಜಮ್ಮಾ ಹಿಡುವಳಿಯೆಂದರೆ ಕರೆ ಬಂದಾಗ ಆಯುಧ ಹಿಡಿದು ಬರಬೇಕೆಂಬ ಕರಾರಿನ ಮೇಲೆ ದೊರೆತ ಭೂಮಿ. 1857ರ ಬಳಿಕ ಸರ್ಕಾರ ದೇಶದ ಜನರ ಆಯುಧಗಳನ್ನು ಕಸಿದುಕೊಳ್ಳುತ್ತಿದ್ದ ಕಾಲದಲ್ಲಿ, 1861ರಲ್ಲಿ, ಮಾರ್ಕ್ ಕಬ್ಬನ್ನನು ಕೊಡಗರಿಗೆ ವಿನಾಯಿತಿಯನ್ನು ಘೋಷಿಸಿದನು. ಸ್ವತಂತ್ರ ಭಾರತದಲ್ಲಿಯೂ ಅದು ಮುಂದುವರಿದಿದೆ. 2019ರ ಅಧಿಸೂಚನೆಯಂತೆ ಅದರ ಅವಧಿ 2029ರವರೆಗೆ. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನನಗೆ ಮುಖ್ಯವಾಗಿ ತೋರುವುದು ಹಕ್ಕಿನ ಈ ಕಥೆಯಲ್ಲ, ಅಭ್ಯಾಸದ ಕಥೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು. ಕೈಲ್ ಪೊಳ್ದಿನಲ್ಲಿ ಕೋವಿಯನ್ನು ಪೂಜಿಸಿದರೆ ಸಾಲದು. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಎಲ್ಲರೂ ನೋಡುತ್ತಿರುವಂತೆ ಗುರಿಯಿಡಬೇಕು. ಗುರಿ ತಪ್ಪಿದರೆ ನೆಂಟರಿಷ್ಟರ ನಗೆ. ಹಿಡಿಯುವ ಕ್ರಮ ತಪ್ಪಿದರೆ ಹಿರಿಯರ ಗದರಿಕೆ. ಹಬ್ಬವೇ ಅಲ್ಲಿ ಪಾಠ, ಹಬ್ಬವೇ ಪರೀಕ್ಷೆ.

ನಮ್ಮ ಮನೆಯಲ್ಲಿ ಪಾಠವಿರಲಿಲ್ಲ, ಪರೀಕ್ಷೆಯಿರಲಿಲ್ಲ. ಪೂಜೆ ಮಾತ್ರ ಉಳಿದಿತ್ತು. ನಾನು ಹನ್ನೊಂದು ವರ್ಷದವನಿದ್ದಾಗಿನ ಆಯುಧಪೂಜೆಯ ದಿನ ಚಿಕ್ಕಪ್ಪ ಎಂದಿನಂತೆ ಅಟ್ಟದಿಂದ ಕೋವಿಯನ್ನಿಳಿಸಿದರು. ಅದು ಕೇಪಿಟ್ಟು ಹಾರಿಸುವ ಕೋವಿ. ಅಜ್ಜ ನಂಬಿದ್ದಷ್ಟು ಹಳೆಯದಲ್ಲವೆಂದು ಈಗ ನನಗೆ ತಿಳಿದಿದೆ. ಕಬ್ಬಿನ ಗದ್ದೆಗೆ ಹಂದಿ ಬೀಳುತ್ತಿದ್ದ ದಿನಗಳಲ್ಲಿ ಯಾರೋ ಅದಕ್ಕೆ ಮದ್ದು ತುಂಬಿದ್ದರು, ಹಂದಿ ಬರಲಿಲ್ಲ, ತುಂಬಿದವರು ಮರೆತರು. ಅಣ್ಣ ನಳಿಗೆಯ ತುದಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಂಕುಮ ಹಚ್ಚುತ್ತಿದ್ದ. ಒರಸುತ್ತಿದ್ದ ಬಟ್ಟೆ ಕುದುರೆಗೆ ಸಿಕ್ಕಿತು. ಆ ಶಬ್ದ, ಆ ಹೊಗೆ, ಆಮೇಲಿನ ಮೌನ ಇಂದಿಗೂ ನನ್ನ ಕಿವಿಯಲ್ಲಿವೆ. ಅಣ್ಣನ ಎರಡು ಬೆರಳುಗಳು ಹೋದವು. ಚಿಕ್ಕಪ್ಪನನ್ನು ಯಾರೂ ಬೈಯಲಿಲ್ಲ. ಅವರು ಮಾತ್ರ ಬದುಕಿರುವವರೆಗೆ ಅಣ್ಣನ ಎಡಗೈಯನ್ನು ದಿಟ್ಟಿಸಿ ನೋಡಲಿಲ್ಲ.

ಮುಂದೆ ಕಾಲೇಜಿನಲ್ಲಿ ನಾನು ಎನ್.ಸಿ.ಸಿ. ಸೇರಿದೆ. ಪಾಯಿಂಟ್ ಟೂ ಟೂ ರೈಫಲನ್ನು ನಮ್ಮ ಕೈಗೆ ಕೊಡುವ ಮೊದಲು ಹವಾಲ್ದಾರರು ಹಲವು ದಿನ ಬರಿಯ ಒಂದು ಪಾಠವನ್ನೇ ಹೇಳಿದರು: ಖಾಲಿಯೆಂದು ನೀನೇ ಕಣ್ಣಾರೆ ನೋಡುವವರೆಗೆ ಪ್ರತಿಯೊಂದು ಆಯುಧವೂ ತುಂಬಿದ್ದೇ, ತುಂಬಿರಲಿ ಬಿಡಲಿ, ಅದರ ಮುಖ ಮನುಷ್ಯನ ಕಡೆಗೆ ತಿರುಗಕೂಡದು. ಆಯುಧವನ್ನು ತೆಗೆದುಕೊಳ್ಳುವಾಗ ಒಮ್ಮೆ ಪರೀಕ್ಷೆ, ಹಿಂತಿರುಗಿಸುವಾಗ ಇನ್ನೊಮ್ಮೆ. ಗುಂಡು ಹಾರಿಸಿದ್ದು ಕೆಲವೇ ಸಲ. ಖಾಲಿ ಮಾಡಿ ತೋರಿಸಿದ್ದು ನೂರಾರು ಸಲ. ಆ ದಿನ ರಾತ್ರಿ ನಾನು ಅಣ್ಣನ ಬೆರಳುಗಳನ್ನು ನೆನೆದು ಅತ್ತೆ. ಅವುಗಳ ಬೆಲೆ ಇಷ್ಟೇ, ಅರೆನಿಮಿಷದ ಒಂದು ಅಭ್ಯಾಸ.

ಈಗಿನ ಬಿಡುವಿನ ವೇಳೆಯ ಸೈನಿಕರ ವಿಷಯ ಕಂದಾಚಾರದವರಂತಲ್ಲ. 1948ರ ಕಾಯಿದೆಯಂತೆ ಏರ್ಪಟ್ಟು, 1949ರ ಅಕ್ಟೋಬರ್ 9ರಂದು ರಾಜಾಜಿಯವರಿಂದ ಉದ್ಘಾಟನೆಗೊಂಡ ಪ್ರಾದೇಶಿಕ ಸೇನೆಯಲ್ಲಿರುವವರು ತಮ್ಮ ತಮ್ಮ ಉದ್ಯೋಗಗಳಲ್ಲಿದ್ದುಕೊಂಡೇ ಸೈನಿಕರಾಗಿರುವವರು. ಆದರೆ ಸೇರಿದವರಿಗೆ ಮೂಲ ತರಬೇತಿ ಕಡ್ಡಾಯ. ಬಳಿಕ ವರ್ಷವರ್ಷವೂ ಶಿಬಿರ ಕಡ್ಡಾಯ. ಒಮ್ಮೆ ಕಲಿತದ್ದು ಸಾಲದು, ಕೈ ಮರೆಯುತ್ತದೆ ಎಂಬ ಸತ್ಯವನ್ನು ಆ ನಿಯಮ ಒಪ್ಪಿಕೊಂಡಿದೆ. 2016ರ ಆಯುಧ ನಿಯಮಗಳು ಸಾಮಾನ್ಯ ನಾಗರಿಕನನ್ನೂ ಇದಕ್ಕೆ ಒಳಪಡಿಸಿವೆ. ಪರವಾನಗಿ ಕೇಳುವವನು ಆಯುಧ ಮತ್ತು ಮದ್ದುಗುಂಡುಗಳ ಸುರಕ್ಷತೆಯ ತರಬೇತಿಯನ್ನು ಪಡೆದಿರಬೇಕು. ಇದು ಸಾಲದೆಂದು ಹೇಳುವವರಿದ್ದಾರೆ. ಬೆಳೆ ಕಾಯುವ ಬಡ ರೈತನಿಗೆ ಇದು ಹೊರೆಯೆಂದು ಹೇಳುವವರೂ ಇದ್ದಾರೆ. ರೈತನ ಕಷ್ಟವನ್ನು ನಾನು ಬಲ್ಲೆ. ಹಂದಿ ನುಗ್ಗಿದ ಗದ್ದೆಯನ್ನು ಬೆಳಗಿನ ಹೊತ್ತು ನೋಡಿದವನು ನಾನು. ಆದರೂ ನನ್ನ ಮತ ಹೊರೆಯ ಪಕ್ಷದಲ್ಲಿಯೇ ಇದೆ. ತರಬೇತಿಯನ್ನು ಅವನ ಊರಿನ ಬಳಿಗೆ, ಅವನ ಕನ್ನಡದಲ್ಲಿ ಕೊಂಡೊಯ್ದರೆ ಹೊರೆ ಹಗುರವಾದೀತು. ಟಿಪ್ಪುವಿನ ಆಜ್ಞೆಗಳು ಪಾರಸಿಯಲ್ಲಿದ್ದವು, ನಮ್ಮ ಹವಾಲ್ದಾರರವು ಹಿಂದಿಯಲ್ಲಿದ್ದವು. ನಮ್ಮ ಚಿಕ್ಕಪ್ಪನಿಗೆ ತಿಳಿಯುವ ನುಡಿಯಲ್ಲಿ ಆ ಒಂದು ಮಾತನ್ನು ಯಾರೂ ಹೇಳಿರಲಿಲ್ಲ.

ಕಂದಾಚಾರವೆಂಬ ಶಬ್ದದ ಎರಡು ಅರ್ಥಗಳಿಗೆ ಸಂಬಂಧವುಂಟೆಂದು ಸಾಧಿಸಹೊರಡುವುದು ನನ್ನ ಉದ್ದೇಶವಲ್ಲ. ಆದರೆ ನಮ್ಮ ಮನೆಯ ಅಟ್ಟದಲ್ಲಿ ಅವೆರಡೂ ಕೂಡಿದ್ದವು. ವಿದ್ಯೆ ಹೋಗಿ ಆಯುಧದ ಪೂಜೆಯಷ್ಟೇ ಉಳಿದಾಗ ಅಜ್ಜ ಹೇಳಿದ ಕಂದಾಚಾರ, ಮೇಷ್ಟ್ರು ಹೇಳಿದ ಕಂದಾಚಾರವಾಗಿಬಿಟ್ಟಿತ್ತು. ಆ ಕೋವಿಯನ್ನು ಅಜ್ಜ ಅದೇ ವಾರ ಪೊಲೀಸು ಠಾಣೆಗೆ ಒಪ್ಪಿಸಿ ಬಂದರು. ಅದನ್ನು ತೂಗುಹಾಕಿದ್ದ ಗೂಟ ಮಾತ್ರ ತೊಲೆಯಲ್ಲಿ ಹಾಗೆಯೇ ಇದೆ. ಊರಿಗೆ ಹೋದಾಗಲೆಲ್ಲ ಅಣ್ಣ ತನ್ನ ಅಂಗಿಯನ್ನು ಅದಕ್ಕೆ ತಗುಲಿಹಾಕುವುದನ್ನು ಕಾಣುತ್ತೇನೆ.

(ಆಕಾಶವಾಣಿ ಭಾಷಣ)